ರಾತ್ರಿ ಉಪವಾಸವಿದ್ದರೂ ಬೆಳಗಿನ ಸಕ್ಕರೆ ಏರುವುದೇಕೆ? ಯಕೃತ್ತಿನ ಕೊಬ್ಬು ಮತ್ತು ಮಧುಮೇಹದ ನಂಟು



ನಮ್ಮ ಪಂಚಾಯಿತಿ ಸಭಾಂಗಣದಲ್ಲಿ ಏರ್ಪಡಿಸಿದ್ದ ಆರೋಗ್ಯ ತಪಾಸಣೆಯ ದಿನ ಹಿರಿಯ ಸದಸ್ಯರೊಬ್ಬರು ತಮ್ಮ ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದು ನನ್ನ ಬಳಿಗೆ ಬಂದರು. "ನಿನ್ನೆ ರಾತ್ರಿ ಒಂದು ತುತ್ತೂ ತಿಂದಿಲ್ಲ ಸಾರ್, ಬರೀ ನೀರು ಕುಡಿದು ಮಲಗಿದ್ದೇನೆ. ಆದರೂ 148 ತೋರಿಸುತ್ತಿದೆ. ಮಿಷನ್ನೇ ಕೆಟ್ಟಿರಬೇಕು. ನೀವು ಇಂಜಿನಿಯರ್ ಅಲ್ಲವೇ, ಸ್ವಲ್ಪ ನೋಡಿ" ಎಂದರು. ಹೊಸ ಪಟ್ಟಿ ಹಾಕಿ ಮತ್ತೊಮ್ಮೆ ಪರೀಕ್ಷಿಸಿದೆವು. 146 ಬಂದಿತು. ಯಂತ್ರವು ಸರಿಯಾಗಿಯೇ ಇತ್ತು.

ಅವರ ಪ್ರಶ್ನೆಯೂ ಸರಿಯಾಗಿಯೇ ಇತ್ತು. ಹೊಟ್ಟೆಗೆ ಏನೂ ಹೋಗದಿರುವಾಗ ರಕ್ತಕ್ಕೆ ಸಕ್ಕರೆ ಎಲ್ಲಿಂದ ಬಂದಿತು? ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕುತೂಹಲದಿಂದ ನಾನೂ ಬೆರಳು ಚಾಚಿದೆ. ನನ್ನದು 117. ಮನೆಗೆ ಹೋಗಿ ಹಳೆಯ ಕಡತವನ್ನು ತೆರೆದಾಗ, ಎರಡು ವರ್ಷಗಳ ಹಿಂದೆ ಹೊಟ್ಟೆನೋವಿಗೆಂದು ಮಾಡಿಸಿದ್ದ ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲು ಕಣ್ಣಿಗೆ ಬಿದ್ದಿತು: ‘ಮೊದಲ ದರ್ಜೆಯ ಫ್ಯಾಟಿ ಲಿವರ್’. "ಇದು ಈಗ ಎಲ್ಲರಿಗೂ ಇರುತ್ತದೆ" ಎಂಬ ಮಾತನ್ನು ಕೇಳಿ ನಾನು ಆ ವರದಿಯನ್ನು ಮಡಚಿಟ್ಟಿದ್ದೆ. ಆ ಸಾಲಿಗೂ ಈ 117ಕ್ಕೂ ನೇರ ಸಂಬಂಧವಿದೆ ಎಂಬುದು ತಿಳಿದದ್ದು ಆ ಬಳಿಕ. ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಜನಪ್ರತಿನಿಧಿಗಳಾದ ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ. ಚಿಕಿತ್ಸೆಯ ವಿಷಯದಲ್ಲಿ ವೈದ್ಯಾಧಿಕಾರಿಗಳ ಮಾತೇ ಅಂತಿಮ.

ಯಕೃತ್ತು ಎಂಬ ನೀರಿನ ತೊಟ್ಟಿ

ನಮ್ಮ ದೇಹದ ಬಲಪಕ್ಕೆಯ ಕೆಳಗೆ ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಯಕೃತ್ತು ಇದೆ. ಇದನ್ನು ಪಿತ್ತಜನಕಾಂಗವೆಂದೂ ಆಡುಮಾತಿನಲ್ಲಿ ಲಿವರ್ ಎಂದೂ ಕರೆಯುತ್ತೇವೆ. ಪಿತ್ತರಸವನ್ನು ಉತ್ಪಾದಿಸುವುದು, ವಿಷಕಾರಿ ವಸ್ತುಗಳನ್ನು ನಿವಾರಿಸುವುದು ಇದರ ಕೆಲಸವೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಇದು ದೇಹದ ಸಕ್ಕರೆಯ ಉಗ್ರಾಣವೂ ಹೌದು ಎಂಬುದನ್ನು ಮರೆಯುತ್ತೇವೆ.

ಇದನ್ನು ಅರಿಯಲು ನಮ್ಮ ಊರಿನ ನೀರು ಸರಬರಾಜು ವ್ಯವಸ್ಥೆಯನ್ನೇ ನೆನಪಿಸಿಕೊಳ್ಳಬಹುದು. ಕೊಳವೆಬಾವಿಯಿಂದ ನೀರು ಬರುವುದು ದಿನದಲ್ಲಿ ಕೆಲವೇ ಗಂಟೆ. ಆ ಹೊತ್ತಿನಲ್ಲಿ ಓವರ್‌ಹೆಡ್ ಟ್ಯಾಂಕ್ ತುಂಬುತ್ತದೆ. ಪಂಪು ನಿಂತ ಮೇಲೆ ಟ್ಯಾಂಕಿನ ವಾಲ್ವ್ ಮೂಲಕ ಮನೆಮನೆಗೆ ಹದವಾಗಿ ನೀರು ಹರಿಯುತ್ತದೆ. ವಾಲ್ವ್ ತಿರುಗಿಸುವವನು ನೀರುಗಂಟಿ. ದೇಹದಲ್ಲಿಯೂ ಹೀಗೆಯೇ. ಊಟದ ಹೊತ್ತು ಪಂಪು ಚಾಲೂ ಆದ ಹೊತ್ತು. ಯಕೃತ್ತು ಟ್ಯಾಂಕು. ಮೇದೋಜ್ಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ನೀರುಗಂಟಿ.

ಊಟವಾದೊಡನೆ ಇನ್ಸುಲಿನ್ ಯಕೃತ್ತಿಗೆ ಎರಡು ಆಜ್ಞೆಗಳನ್ನು ನೀಡುತ್ತದೆ. ಮೊದಲನೆಯದು, ‘ಹೊರಹರಿವಿನ ವಾಲ್ವ್ ಮುಚ್ಚು’. ಎರಡನೆಯದು, ‘ಬಂದ ಸಕ್ಕರೆಯನ್ನು ಶೇಖರಿಸು’. ಯಕೃತ್ತು ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡಬಲ್ಲದು. ರಾತ್ರಿ ನಾವು ನಿದ್ರಿಸುವಾಗ ಮಿದುಳು ಮತ್ತು ರಕ್ತಕಣಗಳಿಗೆ ಸಕ್ಕರೆ ಬೇಕೇ ಬೇಕು. ಆಗ ವಾಲ್ವ್ ಸ್ವಲ್ಪ ತೆರೆದುಕೊಂಡು ಗಂಟೆಗೆ ಸುಮಾರು 8 ಗ್ರಾಂನಷ್ಟು ಸಕ್ಕರೆ ರಕ್ತಕ್ಕೆ ಹರಿಯುತ್ತದೆ. ಸಂಗ್ರಹ ಕಡಿಮೆಯಾಗುತ್ತಾ ಬಂದಂತೆ ಯಕೃತ್ತು ಇತರ ವಸ್ತುಗಳಿಂದ ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ.

ಇಲ್ಲಿ ಒಂದು ಅಳತೆಯನ್ನು ಗಮನಿಸಬೇಕು. ಆರೋಗ್ಯವಂತ ವ್ಯಕ್ತಿಯ ಇಡೀ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಸಕ್ಕರೆ ಸುಮಾರು ಒಂದು ಟೀ ಚಮಚದಷ್ಟು ಮಾತ್ರ. ಇಷ್ಟು ಕಿರಿದಾದ ಕೊಳವೆಗೆ ವಾಲ್ವ್ ಸ್ವಲ್ಪ ಹೆಚ್ಚು ತೆರೆದುಕೊಂಡರೂ ಒತ್ತಡ ಏರುವುದು ಖಚಿತ. ನಮ್ಮ ಹಿರಿಯ ಸದಸ್ಯರಿಗೆ ಆದದ್ದು ಇದೇ. ಅವರು ಪಂಪನ್ನು ನಿಲ್ಲಿಸಿದ್ದರು, ಆದರೆ ಟ್ಯಾಂಕಿನ ವಾಲ್ವ್ ಮುಚ್ಚಿರಲಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯು ಬಹುಮಟ್ಟಿಗೆ ಯಕೃತ್ತೇ ಬರೆದ ಲೆಕ್ಕ.

ವಾಲ್ವ್ ಕೆಡುವುದು ಹೇಗೆ?

ಆರೋಗ್ಯವಂತ ಯಕೃತ್ತಿನಲ್ಲಿ ಕೊಬ್ಬು ಅತ್ಯಲ್ಪ. ಅದು ಶೇ 5ನ್ನು ಮೀರಿದರೆ ಕೊಬ್ಬಿನ ಯಕೃತ್ತು ಎನ್ನುತ್ತಾರೆ. ಕೊಬ್ಬು ಸೇರುವುದು ಮೂರು ದಾರಿಗಳಿಂದ. ಹೊಟ್ಟೆಯ ಸುತ್ತಲಿನ ಕೊಬ್ಬಿನ ಸಂಗ್ರಹ ತುಂಬಿ ತುಳುಕಿದಾಗ ಅಲ್ಲಿಂದ ಕೊಬ್ಬು ರಕ್ತಕ್ಕೆ ಸೋರಿ ಯಕೃತ್ತನ್ನು ಸೇರುತ್ತದೆ; ಇದೇ ಅತಿ ದೊಡ್ಡ ಪಾಲು. ಅಗತ್ಯಕ್ಕಿಂತ ಹೆಚ್ಚು ತಿಂದ ಅನ್ನ, ಸಕ್ಕರೆಗಳನ್ನು ಯಕೃತ್ತು ತಾನೇ ಕೊಬ್ಬಾಗಿ ಮಾರ್ಪಡಿಸುವುದು ಎರಡನೆಯ ದಾರಿ. ನಾವು ತಿಂದ ಎಣ್ಣೆ, ಮಾಂಸದ ಕೊಬ್ಬು ಮೂರನೆಯದು. ‘ನಾನು ಎಣ್ಣೆ ಪದಾರ್ಥ ಮುಟ್ಟುವುದಿಲ್ಲ, ನನಗೇಕೆ ಲಿವರಿನಲ್ಲಿ ಕೊಬ್ಬು?’ ಎಂದು ಕೇಳುವವರಿಗೆ ಉತ್ತರ ಮೊದಲ ಎರಡು ದಾರಿಗಳಲ್ಲಿದೆ.

ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬು ತುಂಬಿದಾಗ ಇನ್ಸುಲಿನ್ನಿನ ಮೊದಲ ಆಜ್ಞೆ ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ವಾಲ್ವ್ ತುಕ್ಕು ಹಿಡಿದಂತೆ ಅರ್ಧ ತೆರೆದೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯನ್ನು ಇಳಿಸಲು ಮೇದೋಜ್ಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಕಳುಹಿಸುತ್ತದೆ. ವಿಚಿತ್ರವೆಂದರೆ, ‘ವಾಲ್ವ್ ಮುಚ್ಚು’ ಎಂಬ ಮಾತಿಗೆ ಕಿವುಡಾದ ಯಕೃತ್ತು ‘ಸಕ್ಕರೆಯನ್ನು ಕೊಬ್ಬಾಗಿಸಿ ಕೂಡಿಡು’ ಎಂಬ ಮಾತನ್ನು ಮಾತ್ರ ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ. ಹೀಗಾಗಿ ಹೆಚ್ಚಿದ ಇನ್ಸುಲಿನ್ ಇನ್ನಷ್ಟು ಕೊಬ್ಬಿಗೆ ಕಾರಣವಾಗುತ್ತದೆ. ಯಕೃತ್ತು ಹೊರದೂಡುವ ಕೊಬ್ಬು ರಕ್ತದಲ್ಲಿ ಟ್ರೈಗ್ಲಿಸರೈಡ್ ರೂಪದಲ್ಲಿ ಏರಿ, ಕಾಲಕ್ರಮದಲ್ಲಿ ಮೇದೋಜ್ಜೀರಕ ಗ್ರಂಥಿಯನ್ನೂ ಸೇರಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ದಣಿಸುತ್ತದೆ. ನೀರುಗಂಟಿ ಎಷ್ಟು ದಿನ ಹಗಲಿರುಳು ದುಡಿದಾನು? ಅವನು ಸೋತ ದಿನ ಮಧುಮೇಹ ಪ್ರಕಟವಾಗುತ್ತದೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಅವರು ಈ ವಿಷವರ್ತುಲವನ್ನು 2008ರಲ್ಲಿ ವಿವರಿಸಿದರು. ಅದನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬುದನ್ನೂ ಅವರ ತಂಡ ಪರೀಕ್ಷಿಸಿತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧುಮೇಹವುಳ್ಳ ಕೆಲವರು ವೈದ್ಯರ ನಿಗಾದಲ್ಲಿ ಅತಿ ಮಿತ ಆಹಾರ ಸೇವಿಸಿದಾಗ ಒಂದೇ ವಾರದಲ್ಲಿ ಯಕೃತ್ತಿನ ಕೊಬ್ಬು ಗಣನೀಯವಾಗಿ ಇಳಿಯಿತು. ಅದರೊಂದಿಗೆ ಖಾಲಿ ಹೊಟ್ಟೆಯ ಸಕ್ಕರೆಯೂ ಸಹಜ ಮಟ್ಟಕ್ಕೆ ಬಂದಿತು. ಟ್ಯಾಂಕನ್ನು ಶುಚಿಗೊಳಿಸಿದರೆ ವಾಲ್ವ್ ಮತ್ತೆ ತಿರುಗುತ್ತದೆ ಎಂಬುದು ಇದರ ಸಾರ.

ಎರಡೂ ಕಡೆಯಿಂದ ಹಾನಿ

ಈ ನಂಟು ಒಮ್ಮುಖವಲ್ಲ. ಯಕೃತ್ತಿನಲ್ಲಿ ಕೊಬ್ಬು ಇರುವವರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಇತ್ತ, ಎರಡನೆಯ ಬಗೆಯ ಮಧುಮೇಹವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಯಕೃತ್ತಿನಲ್ಲಿ ಕೊಬ್ಬು ಇರುತ್ತದೆ. ಅಂಥವರಲ್ಲಿ ಯಕೃತ್ತಿನ ಹಾನಿಯೂ ವೇಗವಾಗಿ ಮುಂದುವರಿಯುತ್ತದೆ.

ಆ ಹಾನಿಗೆ ಮೆಟ್ಟಿಲುಗಳಿವೆ. ಮೊದಲು ಕೊಬ್ಬು, ನಂತರ ಉರಿಯೂತ, ನಂತರ ಗಾಯದ ಕಲೆಯಂತಹ ನಾರುಗಟ್ಟುವಿಕೆ, ಕೊನೆಗೆ ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್. ಬಹುಪಾಲು ಜನರು ಕೊನೆಯ ಮೆಟ್ಟಿಲನ್ನು ತಲುಪುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ತಲುಪುವವರಿಗೆ ಬಹುಕಾಲ ನೋವಾಗಲೀ ಕಾಮಾಲೆಯಾಗಲೀ ಕಾಣಿಸದಿರುವುದು ಆತಂಕದ ಸಂಗತಿ.

ಹಿಂದೆ ನಾನು ಸೇವೆ ಸಲ್ಲಿಸಿದ ಪಂಚಾಯಿತಿಯೊಂದರಲ್ಲಿ ಕರ ವಸೂಲಿಗಾರರೊಬ್ಬರಿದ್ದರು. ನಲವತ್ತಾರರ ವಯಸ್ಸು. ಒಂದು ಬೆಳಿಗ್ಗೆ ರಕ್ತ ವಾಂತಿಯಾಗಿ ಆಸ್ಪತ್ರೆಗೆ ಸೇರಿದಾಗಲೇ ಸಿರೋಸಿಸ್ ಇರುವುದು, ಜೊತೆಗೆ ಬಹಳ ಕಾಲದಿಂದ ಮಧುಮೇಹವಿರುವುದು ತಿಳಿದದ್ದು. ಅವರು ಉಳಿಯಲಿಲ್ಲ. ಮದ್ಯವನ್ನು ಮುಟ್ಟಿದವರಲ್ಲ ಅವರು. ಆದರೂ ಊರಿನವರು ‘ಗುಟ್ಟಾಗಿ ಕುಡಿಯುತ್ತಿದ್ದಿರಬೇಕು’ ಎಂದರು. ತಿಥಿಯ ದಿನ ಅವರ ಪತ್ನಿ ನನ್ನೊಡನೆ ಆಡಿದ್ದು ಒಂದೇ ಮಾತು: "ಅವರು ಕುಡಿದವರಲ್ಲ ಸಾರ್, ಅದನ್ನಾದರೂ ನೀವು ನಾಲ್ಕು ಜನಕ್ಕೆ ಹೇಳಿ." ಆ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ಲಿವರ್ ಕಾಯಿಲೆಯೆಂದರೆ ಕುಡಿತವೇ ಎಂಬ ನಂಬಿಕೆ ಸತ್ತವರಿಗೆ ಅವಮಾನ. ಬದುಕಿರುವವರಿಗೆ ಅದು ಅಪಾಯ. ಕುಡಿಯದವರು ‘ನನಗೆ ಬರದು’ ಎಂದುಕೊಂಡು ಪರೀಕ್ಷೆಗೇ ಬರುವುದಿಲ್ಲ.

ನಮ್ಮ ದೇಶದ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ವರದಿಯಂತೆ ದೇಶದ ವಯಸ್ಕರಲ್ಲಿ ಶೇ 11.4ರಷ್ಟು ಜನರಿಗೆ ಮಧುಮೇಹವಿದೆ. ಇನ್ನೂ ಶೇ 15.3ರಷ್ಟು ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಅಂದರೆ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳು, ಹದಿಮೂರು ಕೋಟಿಗೂ ಹೆಚ್ಚು ಹೊಸ್ತಿಲಿನವರು. ಕೊಬ್ಬಿನ ಯಕೃತ್ತು ಹತ್ತು ಜನರಲ್ಲಿ ಒಬ್ಬರಿಂದ ಮೂವರಿಗೆ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದೆ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಮದ್ಯೇತರ ಕೊಬ್ಬಿನ ಯಕೃತ್ತಿನ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಇದರ ಪರಿಷ್ಕೃತ ಮಾರ್ಗಸೂಚಿ ಮತ್ತು ತರಬೇತಿ ಕೈಪಿಡಿಯನ್ನು ಬಿಡುಗಡೆ ಮಾಡಿತು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ ಬಳಿಕ ಇತರ ಜಿಲ್ಲೆಗಳಿಗೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ 30 ವರ್ಷ ಮೇಲ್ಪಟ್ಟವರನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡಲಾಗುತ್ತದೆ. ಯೋಜನೆಗಳಿವೆ. ಅವು ತೋಟದ ಲೈನ್ ಮನೆಯನ್ನೂ ಕಾಡಂಚಿನ ಹಾಡಿಯನ್ನೂ ತಲುಪುವಂತೆ ನೋಡಿಕೊಳ್ಳುವಲ್ಲಿ ನಮ್ಮ ಪಾತ್ರವಿದೆ.

ಯಾವ ಅಂಕಿ ಏನು ಹೇಳುತ್ತದೆ?

ರಾತ್ರಿ ಕನಿಷ್ಠ 8 ಗಂಟೆ ಉಪವಾಸದ ಬಳಿಕ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ. 100ರಿಂದ 125 ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ ಹೆಚ್ಚಿದ್ದರೆ ಮಧುಮೇಹವಿರಬಹುದು. ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ಕ್ಕಿಂತ ಕಡಿಮೆ ಸಹಜ, 5.7ರಿಂದ 6.4 ಹೊಸ್ತಿಲು, 6.5 ಮತ್ತು ಅದಕ್ಕೂ ಮೇಲ್ಪಟ್ಟರೆ ಮಧುಮೇಹ. ಬೆರಳಿನ ಹನಿ ರಕ್ತದ ಪರೀಕ್ಷೆಯು ಸೂಚನೆ ಮಾತ್ರ. ಪ್ರಯೋಗಾಲಯದ ಪರೀಕ್ಷೆಯಿಂದ ಅದು ಖಚಿತವಾಗಬೇಕು. ರಕ್ತಹೀನತೆ ಅಥವಾ ಕುಡಗೋಲು ಕಣ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ತಪ್ಪು ಚಿತ್ರ ನೀಡಬಹುದಾದ್ದರಿಂದ, ವಿಶೇಷವಾಗಿ ಹಾಡಿಗಳ ನಿವಾಸಿಗಳ ವಿಷಯದಲ್ಲಿ, ಯಾವ ಪರೀಕ್ಷೆ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಯಕೃತ್ತಿನ ವಿಷಯದಲ್ಲಿ ಅತಿ ಅಗ್ಗದ ಉಪಕರಣ ದರ್ಜಿಯ ಟೇಪು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಒಳಗೆ ಕೊಬ್ಬು ಸೇರುತ್ತಿದೆ ಎಂದು ಶಂಕಿಸಬೇಕು. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮ ದೇಶದವರಲ್ಲಿ ಸಾಮಾನ್ಯ. ಇಂಥವರ ತೂಕ ಸಹಜವಿದ್ದರೂ ಯಕೃತ್ತಿನಲ್ಲಿ ಕೊಬ್ಬು ಇರಬಹುದು.

ಸ್ಕ್ಯಾನಿಂಗ್ ವರದಿಯ ದರ್ಜೆಯು ಕೊಬ್ಬಿನ ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ನಾರುಗಟ್ಟುವಿಕೆಯನ್ನಲ್ಲ. ‘ಲಿವರ್ ಟೆಸ್ಟ್ ನಾರ್ಮಲ್ ಇದೆ’ ಎಂಬುದೂ ಪೂರ್ಣ ಭರವಸೆಯಲ್ಲ. ಇದಕ್ಕೆಂದೇ ವೈದ್ಯರು ಫಿಬ್-4 ಎಂಬ ಸರಳ ಲೆಕ್ಕವನ್ನು ಬಳಸುತ್ತಾರೆ. ವಯಸ್ಸನ್ನು ಎಸ್‌ಜಿಒಟಿ ಅಂಕಿಯಿಂದ ಗುಣಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿದಾಗ ಸಿಗುವ ಗುಣಲಬ್ಧದಿಂದ ಭಾಗಿಸುವುದು. ಉದಾಹರಣೆಗೆ 48 ವರ್ಷ, ಎಸ್‌ಜಿಒಟಿ 52, ಎಸ್‌ಜಿಪಿಟಿ 60, ಪ್ಲೇಟ್‌ಲೆಟ್ 1 ಲಕ್ಷ 90 ಸಾವಿರ, ಅಂದರೆ ಲೆಕ್ಕಕ್ಕೆ 190 ಇದ್ದರೆ ಉತ್ತರ ಸುಮಾರು 1.7. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ನಾರುಗಟ್ಟುವಿಕೆ ಮುಂದುವರಿದಿರುವ ಸಂಭವ ಕಡಿಮೆ. 2.67ಕ್ಕಿಂತ ಹೆಚ್ಚಿದ್ದರೆ ತಜ್ಞರನ್ನು ಕಾಣಲೇಬೇಕು. ನಡುವಿನದಾದರೆ ಮುಂದಿನ ಪರೀಕ್ಷೆ ಅಗತ್ಯ. ಸಾಮಾನ್ಯ ರಕ್ತಪರೀಕ್ಷೆಗಳ ಅಂಕಿಗಳಿಂದಲೇ ಈ ಲೆಕ್ಕ ಸಿದ್ಧವಾಗುವುದರಿಂದ ಮಧುಮೇಹವುಳ್ಳ ಸದಸ್ಯರು ತಮ್ಮ ವೈದ್ಯರಲ್ಲಿ ಇದನ್ನು ಕೇಳಿ ತಿಳಿಯಬಹುದು.

ನಮ್ಮ ಕೊಡಗಿನ ತಟ್ಟೆ ಮತ್ತು ಲೋಟ

ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಪಾಪುಟ್ಟು: ಹೆಸರು ಬೇರೆ, ರೂಪ ಬೇರೆ, ಧಾನ್ಯ ಒಂದೇ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಪುಟ್ಟು ತಿಂದು ‘ಇವತ್ತು ಒಂದೇ ಹೊತ್ತು ಅನ್ನ’ ಎಂದು ಲೆಕ್ಕ ಹಾಕುವಂತಿಲ್ಲ. ಅಕ್ಕಿ ಶತ್ರುವಲ್ಲ. ನಮ್ಮ ಹಿರಿಯರೂ ಅದನ್ನೇ ಉಂಡವರು. ಆದರೆ ಅವರು ಗದ್ದೆಯಲ್ಲಿ ಉತ್ತು, ನಾಟಿ ಮಾಡಿ, ತೋಟದ ಏರು ಹತ್ತಿ ಇಳಿದು ಅದನ್ನು ಕರಗಿಸುತ್ತಿದ್ದರು. ನಾವು ತೋಟಕ್ಕೆ ಜೀಪಿನಲ್ಲಿ, ಪಂಚಾಯಿತಿಗೆ ಸ್ಕೂಟರಿನಲ್ಲಿ ಹೋಗುತ್ತೇವೆ. ತಟ್ಟೆ ಮಾತ್ರ ಹಿಂದಿನಷ್ಟೇ ದೊಡ್ಡದು. ಅರ್ಧ ತಟ್ಟೆ ತರಕಾರಿ ಸೊಪ್ಪು, ಕಾಲು ತಟ್ಟೆ ಕಾಳು, ಮೊಟ್ಟೆ, ಮೀನು ಅಥವಾ ಕೊಬ್ಬು ತೆಗೆದ ಮಾಂಸ, ಉಳಿದ ಕಾಲು ತಟ್ಟೆ ಅಕ್ಕಿಯದು ಎಂಬ ನಿಯಮ ನೆನಪಿಡಲು ಸುಲಭ. ಮಳೆಗಾಲದ ಕಣಿಲೆ, ಅಣಬೆ, ಕೆಸುವಿನ ಸೊಪ್ಪು ಈ ಅರ್ಧ ತಟ್ಟೆಯನ್ನು ರುಚಿಯಾಗಿ ತುಂಬಬಲ್ಲವು. ಪಂದಿ ಕರಿಯನ್ನು ಬಿಡಬೇಕೆಂದಿಲ್ಲ. ಮೇಲೆ ತೇಲುವ ಕೊಬ್ಬನ್ನೂ ಎರಡನೆಯ ಬಡಿಕೆಯನ್ನೂ ಬಿಟ್ಟರೆ ಸಾಕು.

ಇನ್ನು ಕಾಫಿ. ದೇಶದಲ್ಲಿಯೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆ ಕಡಿಮೆ ಕಂಡುಬಂದಿರುವುದನ್ನು ಹಲವು ದೇಶಗಳ ಸಮೀಕ್ಷೆಗಳು ದಾಖಲಿಸಿವೆ. ಕಾಫಿಯೇ ಅದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗದಿದ್ದರೂ, ಅದು ಯಕೃತ್ತಿಗೆ ವೈರಿಯಲ್ಲ ಎನ್ನಲು ಅಡ್ಡಿಯಿಲ್ಲ. ವೈರಿ ಅದರೊಳಗಿನ ಸಕ್ಕರೆ. ಒಂದು ಲೋಟಕ್ಕೆ ಎರಡು ಚಮಚ, ದಿನಕ್ಕೆ ಐದು ಲೋಟವೆಂದರೆ ಸುಮಾರು 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲದ ಕಾಫಿ ಇದಕ್ಕೆ ಹೊರತಲ್ಲ, ಜೇನೂ ಹೊರತಲ್ಲ. ಸಕ್ಕರೆ, ಬೆಲ್ಲ, ಜೇನುಗಳಲ್ಲಿರುವ ಫ್ರಕ್ಟೋಸ್ ಅಂಶದ ಬಹುಪಾಲು ನೇರವಾಗಿ ಯಕೃತ್ತನ್ನೇ ಸೇರಿ, ಅತಿಯಾದಾಗ ಅಲ್ಲಿಯೇ ಕೊಬ್ಬಾಗುತ್ತದೆ. ಬಾಟಲಿಯ ತಂಪು ಪಾನೀಯ 250 ಮಿಲಿಲೀಟರಿನಲ್ಲಿಯೇ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ.

ಮದ್ಯದ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಹಬ್ಬ, ಮದುವೆ, ತಿಥಿಗಳಲ್ಲಿ ಅದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಆದರೆ ಯಕೃತ್ತಿನಲ್ಲಿ ಈಗಾಗಲೇ ಕೊಬ್ಬಿರುವವರಿಗೆ, ಅದರಲ್ಲೂ ಮಧುಮೇಹವಿರುವವರಿಗೆ, ಮದ್ಯವು ಗಾಯದ ಮೇಲೆ ಬರೆ. ಇನ್ನೊಂದು ಅಪಾಯ ಹೆಚ್ಚು ಜನರಿಗೆ ತಿಳಿದಿಲ್ಲ. ಮದ್ಯವನ್ನು ಕರಗಿಸುವುದರಲ್ಲಿ ತೊಡಗಿದ ಯಕೃತ್ತು ಹೊಸ ಸಕ್ಕರೆಯನ್ನು ತಯಾರಿಸಲಾರದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಸಂತೆಯ ದಿನ ಊಟ ಮಾಡದೆ ಕುಡಿದು ಮಲಗಿದರೆ ನಡುರಾತ್ರಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ‘ಕುಡಿದು ಬಿದ್ದಿದ್ದಾನೆ’ ಎಂದು ಬಿಟ್ಟುಬಂದವರು ಅಸಲಿಗೆ ಪ್ರಜ್ಞೆ ತಪ್ಪಿರಬಹುದು. ಇಂಥವರಿಗೆ ಬಾಯಿಗೆ ಏನನ್ನೂ ಸುರಿಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಕಾಚಂಪುಳಿಯ ಕುರಿತು ಒಂದು ಮಾತು. ಪಂದಿ ಕರಿಗೆ ಹಾಕುವ ಕಾಚಂಪುಳಿಯನ್ನು ತಯಾರಿಸುವ ಹಣ್ಣಿನ ಸಾರವನ್ನೇ ‘ಗಾರ್ಸಿನಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. ಅಡುಗೆಯಲ್ಲಿ ಒಂದೆರಡು ಚಮಚ ಬಳಸುವುದು ಬೇರೆ, ಸಾಂದ್ರಗೊಳಿಸಿದ ಸಾರವನ್ನು ನಿತ್ಯ ನುಂಗುವುದು ಬೇರೆ. ಇಂಥ ಮಾತ್ರೆಗಳಿಂದ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ‘ಲಿವರ್ ಶುದ್ಧಿ’ಯ ಹೆಸರಿನ ಪುಡಿ, ಕಷಾಯಗಳನ್ನು ವೈದ್ಯರನ್ನು ಕೇಳದೆ ಯಾರೂ ಸೇವಿಸಬಾರದು.

ಎಷ್ಟು ಇಳಿಸಿದರೆ ಎಷ್ಟು ಫಲ?

ದೇಹದ ತೂಕದಲ್ಲಿ ಶೇ 5ರಷ್ಟು ಇಳಿದರೂ ಯಕೃತ್ತಿನ ಕೊಬ್ಬು ಕಡಿಮೆಯಾಗತೊಡಗುತ್ತದೆ. ಶೇ 7ರಿಂದ 10ರಷ್ಟು ಇಳಿದರೆ ಉರಿಯೂತ ಶಮನವಾಗುತ್ತದೆ. ಶೇ 10 ಅಥವಾ ಹೆಚ್ಚು ಇಳಿದವರಲ್ಲಿ ನಾರುಗಟ್ಟುವಿಕೆಯೂ ಹಿಂದೆ ಸರಿಯಬಹುದು. 80 ಕಿಲೋ ತೂಕದವರಿಗೆ ಇವು ಕ್ರಮವಾಗಿ 4, 6 ಮತ್ತು 8 ಕಿಲೋಗಳ ಆಸುಪಾಸು. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಧುಮೇಹಿಗಳಲ್ಲಿ ಶೇ 46ರಷ್ಟು ಮಂದಿ ಒಂದು ವರ್ಷದ ಬಳಿಕ ಔಷಧವಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದರು. ಇವರೆಲ್ಲರೂ ಆರು ವರ್ಷಗಳೊಳಗೆ ಮಧುಮೇಹ ಪತ್ತೆಯಾದವರು. ಆದ್ದರಿಂದ ಬೇಗ ಪತ್ತೆಯಾದಷ್ಟೂ ಒಳಿತು. ಆದರೆ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸವೇ ಯಕೃತ್ತಿನ ಆ ವಾಲ್ವನ್ನು ಹದಗೊಳಿಸುವುದು.

ನಡಿಗೆ ಎಂದೊಡನೆ ನಮ್ಮ ಜಿಲ್ಲೆಯಲ್ಲಿ ಎರಡು ಅಡ್ಡಿಗಳು ಎದುರಾಗುತ್ತವೆ: ಮಳೆ ಮತ್ತು ಆನೆ. ವಿರಾಜಪೇಟೆ, ಪೊನ್ನಂಪೇಟೆ ಭಾಗದ ಎಷ್ಟೋ ಊರುಗಳಲ್ಲಿ ನಸುಕಿನಲ್ಲಿ ರಸ್ತೆಗಿಳಿಯಿರಿ ಎಂದು ಸಲಹೆ ಕೊಡುವುದು ಬೇಜವಾಬ್ದಾರಿಯಾದೀತು. ಆದ್ದರಿಂದ ಬೆಳಕು ಹರಿದ ಮೇಲೆ ಶಾಲಾ ಮೈದಾನ, ಮಳೆಗಾಲದಲ್ಲಿ ಸಮುದಾಯ ಭವನ, ಮನೆಯ ಜಗಲಿ, ಕಾಫಿ ಒಣಗಿಸುವ ಕಣ ಇವು ನಮ್ಮ ನಡಿಗೆಯ ತಾಣಗಳಾಗಬೇಕು. ಊಟವಾದ ಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೂ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ.

ಗ್ರಾಮ ಪಂಚಾಯಿತಿ ಮಾಡಬಹುದಾದ ಕಾರ್ಯಗಳು

1. ಪಂಚಾಯಿತಿ ವ್ಯಾಪ್ತಿಯ 30 ವರ್ಷ ಮೇಲ್ಪಟ್ಟವರಲ್ಲಿ ಎಷ್ಟು ಮಂದಿಯ ತಪಾಸಣೆಯಾಗಿದೆ, ಎಷ್ಟು ಬಾಕಿ ಎಂಬ ಲೆಕ್ಕವನ್ನು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಆಶಾ ಕಾರ್ಯಕರ್ತೆಯರಿಂದ ಪಡೆದು ಸಾಮಾನ್ಯ ಸಭೆಯಲ್ಲಿ ಪರಿಶೀಲಿಸುವುದು. ಸಂಖ್ಯೆಗಳನ್ನಷ್ಟೇ ಓದಬೇಕು. ಯಾರೊಬ್ಬರ ಹೆಸರನ್ನಾಗಲೀ ಕಾಯಿಲೆಯನ್ನಾಗಲೀ ಸಭೆಯಲ್ಲಿ ಪ್ರಕಟಿಸಕೂಡದು.

2. ಖಾಲಿ ಹೊಟ್ಟೆಯ ಪರೀಕ್ಷೆಗೆ ಹೊತ್ತು ಮುಖ್ಯ. ಹನ್ನೊಂದು ಗಂಟೆಗೆ ಶಿಬಿರವಿಟ್ಟರೆ ತೋಟದ ಕಾರ್ಮಿಕರು ಬರಲಾರರು, ಬಂದವರೂ ತಿಂಡಿ ತಿಂದೇ ಬಂದಿರುತ್ತಾರೆ. ತೋಟದ ಮಾಲೀಕರೊಡನೆ ಮಾತನಾಡಿ ಕೆಲಸ ಆರಂಭವಾಗುವ ಮುನ್ನ ಲೈನ್ ಮನೆಗಳ ಬಳಿಯಲ್ಲಿಯೇ ಪರೀಕ್ಷೆ ನಡೆಯುವಂತೆ ಮಾಡಬಹುದು. ಹಾಡಿಗಳಿಗೂ ಪ್ರತ್ಯೇಕ ದಿನ ನಿಗದಿಪಡಿಸಬಹುದು.

3. ಪಂಚಾಯಿತಿಯಲ್ಲಿ ಆರೋಗ್ಯ ಕಿಟ್ ಇದ್ದಲ್ಲಿ ಗ್ಲುಕೋಮೀಟರಿನ ಪಟ್ಟಿಗಳ ಅವಧಿ, ಬ್ಯಾಟರಿ, ತೂಕದ ಯಂತ್ರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದು. ಅದರೊಳಗೆ ಒಂದು ಟೇಪನ್ನೂ ಇರಿಸುವುದು.

4. ಪತ್ತೆಯಾದವರು ಚಿಕಿತ್ಸೆಗೆ ಹೋದರೇ, ಮಾತ್ರೆ ಸಿಗುತ್ತಿದೆಯೇ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಚರ್ಚಿಸುವುದು. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ತಾಲ್ಲೂಕು ಆಸ್ಪತ್ರೆ ಅಥವಾ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯ ದಾರಿ ತೋರಿಸುವುದು.

5. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ‘ಆರೋಗ್ಯಕರ ಗ್ರಾಮ’ ವಿಷಯದಡಿ ಸುರಕ್ಷಿತ ನಡಿಗೆಯ ಜಾಗ, ಬೀದಿದೀಪ, ಶಾಲಾ ಕೈತೋಟಗಳನ್ನು ಸೇರಿಸುವುದು.

6. ನಮ್ಮ ಸಭೆಗಳಿಂದಲೇ ಆರಂಭಿಸುವುದು. ಸಭೆಗೆ ತರಿಸುವ ತಂಪು ಪಾನೀಯ, ಕ್ರೀಮ್ ಬನ್ನುಗಳ ಬದಲು ಮಜ್ಜಿಗೆ, ಬೇಯಿಸಿದ ಕಡಲೆ, ಕೊಡಗಿನ ಕಿತ್ತಳೆಯನ್ನು ಸಂಜೀವಿನಿ ಸ್ವಸಹಾಯ ಸಂಘದವರಿಂದ ತರಿಸಬಹುದು. ಕಾಫಿಗೆ ಸಕ್ಕರೆಯನ್ನು ಪ್ರತ್ಯೇಕವಾಗಿ ಇಡಬಹುದು.

ಕೊನೆಯದಾಗಿ

ಆರನೆಯ ಕಾರ್ಯವನ್ನು ನಾವು ಜಾರಿಗೆ ತಂದು ಒಂದು ವರ್ಷವಾಗುತ್ತಾ ಬಂದಿತು. ಮೊದಲ ಸಭೆಯಲ್ಲಿ ಗೊಣಗಾಟವಿತ್ತು, ಮೂರನೆಯ ಸಭೆಯ ಹೊತ್ತಿಗೆ ಸಕ್ಕರೆ ಡಬ್ಬಿ ಅರ್ಧ ಉಳಿಯತೊಡಗಿತು. ನನ್ನ ತೂಕ ಒಂಬತ್ತು ತಿಂಗಳಲ್ಲಿ 84ರಿಂದ 77ಕ್ಕೆ ಇಳಿದಿದೆ, ಬೆಳಗಿನ ಸಕ್ಕರೆ 97ಕ್ಕೆ ಬಂದಿದೆ. ಇದು ಸಾಧನೆಯೇನಲ್ಲ. ಎರಡು ವರ್ಷ ಮೊದಲೇ ಆ ವರದಿಯ ಕೊನೆಯ ಸಾಲನ್ನು ಓದಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಯಂತ್ರ ಕೆಟ್ಟಿದೆ ಎಂದಿದ್ದ ಹಿರಿಯ ಸದಸ್ಯರು ಈಗ ವೈದ್ಯರ ನಿಗಾದಲ್ಲಿದ್ದಾರೆ. ಮಾತ್ರೆ ತಪ್ಪಿಸುವುದಿಲ್ಲ. ಪ್ರತಿ ಶಿಬಿರದಲ್ಲಿ ಟೇಪು ಹಿಡಿದು ಎಲ್ಲರ ಸೊಂಟ ಅಳೆಯುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ.

ಟ್ಯಾಂಕಿನಲ್ಲಿ ಹೂಳು ತುಂಬಿದೆಯೆಂದು ತಿಳಿದ ಮೇಲೂ ನಲ್ಲಿಯನ್ನಷ್ಟೇ ರಿಪೇರಿ ಮಾಡುವ ಪಂಚಾಯಿತಿಯನ್ನು ಜನರು ಒಪ್ಪುವುದಿಲ್ಲ. ನಮ್ಮ ದೇಹದ ವಿಷಯದಲ್ಲಿಯೂ ಅದೇ ನ್ಯಾಯ ಅನ್ವಯಿಸಲಿ. ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ತಾವು, ತಮ್ಮ ಮನೆಯ 30 ವರ್ಷ ಮೇಲ್ಪಟ್ಟ ಎಲ್ಲರೂ ಒಮ್ಮೆ ಖಾಲಿ ಹೊಟ್ಟೆಯ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕೆಂದೂ, ಹಳೆಯ ಸ್ಕ್ಯಾನಿಂಗ್ ವರದಿಗಳಿದ್ದರೆ ಅವುಗಳ ಕೊನೆಯ ಸಾಲನ್ನು ಓದಿ ವೈದ್ಯರಿಗೆ ತೋರಿಸಬೇಕೆಂದೂ ವಿನಂತಿಸುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ,
ಕೊಡಗು ಜಿಲ್ಲೆ